ಇಂದಿನ ಚಿಂತನೆ: ಎಲ್ಲಾರೂ ಇದನ್ನೇ ಹೇಳ್ತಾರೆ

 

 ಈ ಸಲ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ. ಬಸ್ಸಿನಲ್ಲಿ ಕೂತಾಗಲೋ ಮಧ್ಯಾಹ್ನ ಬಿಡುವಾದಾಗಲೋ ಓದಿ. ಗಾಡಿ ಓಡಿಸುವಾಗ ಮಾತ್ರ ಬೇಡ, ಯಾಕೆಂದರೆ ವಿಷಯವೇ ಅದು.

ಕಳೆದ ಭಾನುವಾರ ಶೀಲಗಳ ಬಗ್ಗೆ ಮಾತಾಡುತ್ತಾ ಮಂಡ್ಯದ ಮಗುವಿನ ಮಾತು ಬಂತು. ಎಲ್ಲರಿಗೂ ನೆನಪಿರಬಹುದು. 2025ರ ಮೇ 26, ಸೋಮವಾರ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರೂವರೆ ವರ್ಷದ ಹೆಣ್ಣುಮಗುವಿಗೆ ನಾಯಿ ಕಚ್ಚಿತ್ತು. ತಂದೆ ತಾಯಿ ಬೈಕಿನಲ್ಲಿ ಮಗುವನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ಬೈಕನ್ನು ಅಡ್ಡಗಟ್ಟಿದರು. ಆಯ ತಪ್ಪಿ ಬಿದ್ದರು, ಹಿಂದಿನಿಂದ ಬಂದ ವಾಹನ ಮಗುವಿನ ಮೇಲೆ ಹರಿಯಿತು. ಮಗುವಿನ ದೇಹ ಇಟ್ಟುಕೊಂಡು ಆ ತಾಯಿ ರಸ್ತೆಯಲ್ಲೇ ಕೂತಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ಮೂವರು ಎಎಸ್‌ಐಗಳು ಅಮಾನತಾದರು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರಿಂದ ಒಂದು ಆದೇಶ ಬಂತು. ಕಣ್ಣಿಗೆ ಕಾಣುವ ಉಲ್ಲಂಘನೆ ಇದ್ದರೆ ಮಾತ್ರ ವಾಹನ ನಿಲ್ಲಿಸಬೇಕು, ಬರೀ ದಾಖಲೆ ನೋಡಲಿಕ್ಕೆಂದು ನಿಲ್ಲಿಸಬಾರದು, ಓಡುವ ಗಾಡಿಯ ಮುಂದೆ ದಿಢೀರನೆ ಅಡ್ಡ ಬರಬಾರದು ಎಂಬಂಥ ಮಾತುಗಳು ಅದರಲ್ಲಿದ್ದವು.

ಭಾನುವಾರದ ಚರ್ಚೆಯಲ್ಲಿ ಒಬ್ಬರು ಹಿರಿಯರು ಹೇಳಿದರು: "ಪೊಲೀಸರಿಗೆ ಕರುಣೆ ಇರಬೇಕಿತ್ತು." ಇನ್ನೊಬ್ಬರು ಹೇಳಿದರು: "ಕರುಣೆ ಅಂತ ಬಿಟ್ಟರೆ ನಾಳೆ ಎಲ್ಲರಿಗೂ ಕರುಣೆ ಬೇಕು. ಹೆಲ್ಮೆಟ್ ಯಾರೂ ಹಾಕಲ್ಲ." ಎರಡೂ ಸರಿ ಅನಿಸಿ ನಾನು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದಕ್ಕೆ ಬೇರೆ ಕಾರಣವೂ ಇತ್ತು. ಅದನ್ನು ಈಗ ಬರೆಯುತ್ತೇನೆ.

2017ರ ಡಿಸೆಂಬರ್. ಆಗ ನಾನು ಗುಬ್ಬಿ ತಾಲ್ಲೂಕಿನ ಶಾಲೆಗೆ ತುಮಕೂರಿನಿಂದ ಸ್ಕೂಟಿಯಲ್ಲೇ ಓಡಾಡುತ್ತಿದ್ದೆ. ಒಂದು ಸಂಜೆ ವಾಪಸ್ ಬರುವಾಗ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಸೀಟಿನ ಕೆಳಗೂ ಇರಲಿಲ್ಲ, ಮನೆಯಲ್ಲೇ ಬಿಟ್ಟು ಬಂದಿದ್ದೆ. ಪೊಲೀಸರು ಕೈ ತೋರಿಸಿದರು. ನಿಲ್ಲಿಸಿದ ತಕ್ಷಣ ನನ್ನ ಬಾಯಿಂದ ಬಂದ ಮಾತು: "ಸಾರ್, ಅಮ್ಮನಿಗೆ ತುಂಬಾ ಸೀರಿಯಸ್ಸು. ಕುಣಿಗಲ್‌ನಿಂದ ಇಲ್ಲಿಗೆ ಕರಕೊಂಡು ಬಂದಿದಾರೆ. ಆಸ್ಪತ್ರೆಗೆ ಹೋಗ್ತಿದೀನಿ." ಯೋಚಿಸಿ ಹೇಳಿದ್ದಲ್ಲ. ಆದರೆ ಎಷ್ಟು ಸಲೀಸಾಗಿ ಬಂತು ಅಂದರೆ, ಕಣ್ಣಲ್ಲಿ ನೀರೂ ಬಂತು. ಅದೇ ಹೊತ್ತಿಗೆ ನಮ್ಮಮ್ಮ ಕುಣಿಗಲ್ ಕಡೆಯ ನಮ್ಮ ಊರಿನ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ಆ ಪೇದೆ ನನ್ನ ಕೊರಳಲ್ಲಿದ್ದ ಶಾಲೆಯ ಗುರುತಿನ ಚೀಟಿ ನೋಡಿದರು, ಮುಖ ನೋಡಿದರು. "ಹೋಗಿ ಮೇಡಂ, ಹೋಗಿ. ಗಾಬರಿಯಲ್ಲಿ ಜೋರಾಗಿ ಓಡಿಸಬೇಡಿ" ಎಂದರು. ಅಷ್ಟೇ. ಐದು ಪೈಸೆ ಖರ್ಚಿಲ್ಲದೆ ಮನೆ ಸೇರಿದೆ.

ಅಲ್ಲಿಗೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆನೇನೋ. ನಾಲ್ಕೈದು ದಿನದ ಮೇಲೆ ಅದೇ ಜಾಗದಲ್ಲಿ ಅವರೇ ನಿಂತಿದ್ದರು. ಈ ಸಲ ತಲೆಗೆ ಹೆಲ್ಮೆಟ್ ಇತ್ತು. ಸಿಗ್ನಲ್ ಬಿದ್ದು ನಾನು ನಿಂತಾಗ ಗುರುತು ಹಿಡಿದು ಹತ್ತಿರ ಬಂದು ಕೇಳಿದರು: "ಅಮ್ಮ ಹೇಗಿದಾರೆ ಮೇಡಂ?" "ಪರವಾಗಿಲ್ಲ ಸಾರ್, ಈಗ ಹುಷಾರು" ಎಂದೆ. ಮೊದಲ ಸುಳ್ಳಿಗಿಂತ ಈ ಎರಡನೆಯದು ನನ್ನನ್ನು ಹೆಚ್ಚು ಕುಟುಕಿದೆ. ಅವರು ನನ್ನಮ್ಮನನ್ನು ನಾಲ್ಕು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ನಾನು ಇಟ್ಟುಕೊಂಡಿರಲಿಲ್ಲ.

ಈಗ ಆರು ವರ್ಷ ಮುಂದಕ್ಕೆ ಬನ್ನಿ. 2023ರಲ್ಲಿ ಒಂದು ಭಾನುವಾರ, ನಾನು ತವರಿಗೆ ಹೋಗಿದ್ದೆ. ತಮ್ಮನ ಹೆಂಡತಿ ಎರಡನೆಯ ಬಾಣಂತನಕ್ಕೆ ಅವಳ ತವರಲ್ಲಿದ್ದಳು. ತಮ್ಮನ ಮೊದಲ ಮಗ, ನಾಲ್ಕು ವರ್ಷದವನು, ಬೆಳಗಿನಿಂದ ಜ್ವರದಲ್ಲಿ ಮಲಗಿದ್ದವನು ಇದ್ದಕ್ಕಿದ್ದಂತೆ ಕೈಕಾಲು ಸೆಟೆದುಕೊಂಡ. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಬಾಯಲ್ಲಿ ನೊರೆ. ಅಮ್ಮ ಕಿರುಚಿದರು. ತಮ್ಮ ಸೆಂಟ್ರಿಂಗ್ ಕೆಲಸ ಮಾಡುವವನು. ಅವತ್ತೂ ಬೆಳಿಗ್ಗೆ ಒಂದು ಕಡೆ ಕೆಲಸಕ್ಕೆ ಹೋಗಿ ಆಗಷ್ಟೇ ಬಂದಿದ್ದ. ಅಂಗಿ ತುಂಬ ಸಿಮೆಂಟು. ಆ ಅಂಗಿಯಲ್ಲೇ ಬೈಕು ತೆಗೆದ. ಹತ್ತಿರದ ಕ್ಲಿನಿಕ್ಕಿನಲ್ಲಿ ನೋಡಿ "ತುಮಕೂರಿಗೆ ಕರಕೊಂಡು ಹೋಗಿಬಿಡಿ" ಎಂದರು. 108ಕ್ಕೆ ಫೋನ್ ಮಾಡಿ ಕಾಯುವಷ್ಟು ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅವನು ಮುಂದೆ, ನಾನು ಹಿಂದೆ, ನಡುವೆ ನನ್ನ ಸೆರಗಿನಲ್ಲಿ ಸುತ್ತಿದ ಮಗು. ಹೆಲ್ಮೆಟ್ ಇಬ್ಬರಿಗೂ ಇಲ್ಲ. ಬೈಕಿನ ಇನ್ಶೂರೆನ್ಸ್ ಮುಗಿದು ಎರಡು ತಿಂಗಳಾಗಿತ್ತಂತೆ, ಅದು ನನಗೆ ಆಮೇಲೆ ಗೊತ್ತಾಯಿತು. ಅಂದರೆ, ಪೊಲೀಸರು ನಿಲ್ಲಿಸಲು ಏನೇನು ಕಾರಣ ಬೇಕೋ ಎಲ್ಲವೂ ನಮ್ಮ ಹತ್ತಿರ ಇತ್ತು.

ಊರು ಇನ್ನೇನು ಬಂತು ಅನ್ನುವಾಗ ನಿಲ್ಲಿಸಿದರು. ನಿಂತ ತಕ್ಷಣ ಒಬ್ಬರು ಕೀ ಕಿತ್ತುಕೊಂಡರು.

"ಏನೋ, ತ್ರಿಬಲ್ಲು? ಹೆಲ್ಮೆಟ್ಟೂ ಇಲ್ಲ?"

"ಸಾರ್, ಮಗೂಗೆ ಫಿಟ್ಸು ಬಂದೈತೆ ಸಾರ್. ಆಸ್ಪತ್ರೆಗೆ ಹೋಯ್ತಿದೀವಿ. ಕೀ ಕೊಡಿ ಸಾರ್."

"ಎಲ್ಲಾರೂ ಇದನ್ನೇ ಹೇಳ್ತಾರೆ. ಸೈಡಿಗೆ ಹಾಕು."

ಈ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಆದದ್ದು ಕೋಪವಲ್ಲ. ಗುಬ್ಬಿಯಿಂದ ಬರುವ ಆ ರಸ್ತೆ, ಆ ಡಿಸೆಂಬರ್ ಸಂಜೆ ಕಣ್ಣ ಮುಂದೆ ಬಂತು. ಎಲ್ಲಾರೂ ಅಂದರೆ ಯಾರು? ನಾನೇ.

ತಮ್ಮ ಕೈಮುಗಿದು ಬೇಡುತ್ತಿದ್ದ. ಅವನು ಎಷ್ಟು ಬೇಡಿದರೆ ಅಷ್ಟು ಅವರ ದನಿ ಏರುತ್ತಿತ್ತು. ನಾಲ್ಕೈದು ನಿಮಿಷ ಕಳೆದಿರಬೇಕು. ನಾನು ಮಗುವನ್ನು ಎತ್ತಿಕೊಂಡು ಕೆಳಗಿಳಿದು, ತರಗತಿಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವಂತೆ ಮಾತಾಡುವ ದನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಹೇಳಿದೆ: "ನಾನು ಪ್ರೌಢಶಾಲಾ ಶಿಕ್ಷಕಿ. ಈ ಮಗುವಿಗೆ ಏನಾದರೂ ಆದರೆ ನೀವು ಉತ್ತರ ಕೊಡಬೇಕಾಗುತ್ತದೆ." ಅವರು ಒಂದು ಕ್ಷಣ ನನ್ನನ್ನು ನೋಡಿದರು. ಕೀ ವಾಪಸ್ ಬಂತು. ಜೊತೆಗೆ ಒಂದು ಮಾತೂ ಬಂತು: "ಮೊದಲೇ ಹೇಳಬಾರದಾ ಮೇಡಂ."

ಮೊದಲೇ ಹೇಳಿದ್ದೆವಲ್ಲ! ತಮ್ಮ ಹೇಳಿದ್ದು ನಿಜ. ನಾನು ಅದಕ್ಕೆ ಸೇರಿಸಿದ್ದು ನನ್ನ ಕೆಲಸದ ಹೆಸರು ಮಾತ್ರ. ಅವರು ಮಗುವಿನ ಮುಖ ಆಗಲೂ ನೋಡಲಿಲ್ಲ.

ಮಗು ಉಳಿಯಿತು. ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸೆಟೆತ ನಿಂತು ನಿದ್ದೆಯಲ್ಲಿದ್ದ. ಇದು ಜ್ವರ ಏರಿದಾಗ ಬರುವ ಫಿಟ್ಸು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣುವಂಥದ್ದು, ಹೆಚ್ಚಿನ ಸಲ ಕೆಲವು ನಿಮಿಷದಲ್ಲಿ ತಾನೇ ನಿಲ್ಲುತ್ತದೆ ಎಂದರು ಡಾಕ್ಟರು. (ಚಿಕ್ಕ ಮಕ್ಕಳಿರುವವರು ಗಮನಿಸಿ: ಹಾಗಾದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಚಮಚ, ನೀರು, ಬಟ್ಟೆ ಏನನ್ನೂ ತುರುಕಬಾರದು. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ.) ಹಾಗಾಗಿ ಆ ನಾಲ್ಕೈದು ನಿಮಿಷದಿಂದ ನಮಗೆ ಏನೂ ನಷ್ಟವಾಗಲಿಲ್ಲ ಎಂದೇ ಹೇಳಬೇಕು. ಮಂಡ್ಯದಲ್ಲಿ ಆಯಿತು, ನಮಗೆ ಆಗಲಿಲ್ಲ. ನಡುವಿನ ವ್ಯತ್ಯಾಸ ಯಾರ ಪುಣ್ಯವೂ ಅಲ್ಲ, ಹಿಂದೆ ಯಾವ ಗಾಡಿ ಬರುತ್ತಿರಲಿಲ್ಲ ಅಷ್ಟೇ.

ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೇಳಿದ ಮಾತು ಒಂದೇ. ಒಂದು ಸಲ ಅದು ಸುಳ್ಳು, ಆದರೆ ನಂಬಿದರು. ಇನ್ನೊಂದು ಸಲ ನಿಜ, ನಂಬಲಿಲ್ಲ. ಕಾನೂನು ಎರಡೂ ಸಲ ಅದೇ. ಪೊಲೀಸರ ವಿವೇಚನೆ ಎನ್ನುವುದು ಎರಡೂ ಕಡೆ ಕೆಲಸ ಮಾಡಿದೆ. ಅದು ನೋಡಿದ್ದು ಮಾತ್ರ ಕೊರಳ ಚೀಟಿಯನ್ನು ಮತ್ತು ಅಂಗಿಯ ಸಿಮೆಂಟನ್ನು.

ಅದಕ್ಕೇ ನಮ್ಮ ಬಳಗದಲ್ಲಿ ಕೆಲವರಿಗೆ ವಿವೇಚನೆ ಎಂಬ ಪದವೇ ಆಗಿಬರುವುದಿಲ್ಲ. ನನಗದು ಅರ್ಥವಾಗುತ್ತದೆ. ಕೆರೆ ನೀರು ಮುಟ್ಟಬಹುದೋ ಇಲ್ಲವೋ, ಹೋಟೆಲಿನ ಯಾವ ಲೋಟ ಯಾರಿಗೆ ಎನ್ನುವುದೆಲ್ಲ ನಮ್ಮ ಅಜ್ಜಂದಿರ ಕಾಲದಲ್ಲಿ ಯಾರದೋ ವಿವೇಚನೆಯೇ ಆಗಿತ್ತು. ಬರೆದ ಕಾನೂನು ಬಂದ ಮೇಲೆ ನಾವು ಬದುಕಿದೆವು. ಕಾನೂನು ಎಲ್ಲರಿಗೂ ಒಂದೇ ಇರಲಿ, ಯಾರಿಗೂ ವಿನಾಯಿತಿ ಬೇಡ ಎಂದು ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಭಾನುವಾರ ಒಬ್ಬ ಅಣ್ಣ ಹೇಳಿದ್ದೂ ಅದನ್ನೇ: "ಎಲ್ಲ ಕಡೆ ಕ್ಯಾಮೆರಾ ಹಾಕಿಬಿಡಲಿ. ಕ್ಯಾಮೆರಾ ಜಾತಿ ಕೇಳಲ್ಲ."

ನಿಜ, ಕೇಳುವುದಿಲ್ಲ. ಇನ್ನೊಂದು ಅನುಕೂಲವೂ ಇದೆ: ಕ್ಯಾಮೆರಾ ಗಾಡಿಯನ್ನು ನಿಲ್ಲಿಸುವುದಿಲ್ಲ. ನಂಬರು ಬರೆದುಕೊಳ್ಳುತ್ತದೆ, ನೋಟಿಸು ಮನೆಗೆ ಬರುತ್ತದೆ. ನಿಲ್ಲಿಸುವುದು ಬೇರೆ, ದಂಡ ಹಾಕುವುದು ಬೇರೆ ಎಂದು ನಮಗೆ ಮೊದಲು ತೋರಿಸಿಕೊಟ್ಟಿದ್ದೇ ಅದು. ಹೆಲ್ಮೆಟ್ಟಿನ 500 ರೂಪಾಯಿ ಓಡಿಹೋಗುವುದಿಲ್ಲ, ಕಾಯುತ್ತದೆ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡವನ್ನು ಅರ್ಧಕ್ಕೆ ಇಳಿಸಿ ಕಟ್ಟಿಸಿಕೊಂಡಿತು, ಜನ ಸಾಲುಗಟ್ಟಿ ಕಟ್ಟಿದರು. ಅರ್ಧ ಬೆಲೆಗೆ ಮಾರುವಷ್ಟು ದಿನ ಕಾಯಬಲ್ಲ ದಂಡ, ಒಂದು ಮಗು ಆಸ್ಪತ್ರೆ ಮುಟ್ಟುವ ತನಕ ಕಾಯಲಾರದೆ? ಆದರೆ ಕ್ಯಾಮೆರಾಕ್ಕೆ ಜಾತಿ ಕಾಣದ ಹಾಗೆ ಮಗುವೂ ಕಾಣುವುದಿಲ್ಲ. ನೋಟಿಸು ಬಂದ ಮೇಲೆ "ಅವತ್ತು ಹೀಗಾಗಿತ್ತು" ಎಂದು ಹೇಳಲು ಕಚೇರಿಗೆ ಹೋಗಬೇಕು. ನನಗೆ ಅರ್ಧ ದಿನ ರಜೆ ಸಿಗುತ್ತದೆ. ನನ್ನ ತಮ್ಮನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಅವನು ಹೋಗುವುದಿಲ್ಲ, ದಂಡ ಕಟ್ಟಿ ಸುಮ್ಮನಾಗುತ್ತಾನೆ.

ಕಾನೂನಿಗೆ ತುರ್ತು ಗೊತ್ತಿಲ್ಲ ಎಂದುಕೊಳ್ಳಬೇಡಿ. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಲ್ಲಿ ಬಂದಿದೆ. ಹೆಚ್ಚಿನ ಕೇಡನ್ನು ತಪ್ಪಿಸಲು, ಕೆಟ್ಟ ಉದ್ದೇಶವಿಲ್ಲದೆ, ಪ್ರಾಮಾಣಿಕವಾಗಿ ಮಾಡಿದ ಕೃತ್ಯ ಅಪರಾಧವಲ್ಲ ಎಂಬ ಮಾತು 1860ರ ದಂಡಸಂಹಿತೆಯ 81ನೇ ಕಲಮಿನಲ್ಲೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 19ನೇ ಕಲಮು. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಚೆನ್ನಾಗಿದೆ: ಹಡಗಿನ ಕಪ್ತಾನನೊಬ್ಬ ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಗುದ್ದುವುದನ್ನು ತಪ್ಪಿಸಲು ಹಡಗು ತಿರುಗಿಸುತ್ತಾನೆ, ಹಾಗೆ ತಿರುಗಿಸಿದರೆ ಇಬ್ಬರಿರುವ ಇನ್ನೊಂದು ದೋಣಿಗೆ ಅಪಾಯ ಆಗಬಹುದು. ಕಷ್ಟ ಇರುವುದು ಇಲ್ಲಿ: ಸೈರನ್ ಇರುವ ಗಾಡಿಯ ತುರ್ತು ಎಲ್ಲರಿಗೂ ಕೇಳುತ್ತದೆ. ಟಿವಿಎಸ್ಸಿನಲ್ಲಿ, ಹಳೇ ಸ್ಪ್ಲೆಂಡರಿನಲ್ಲಿ ಹೋಗುವವನ ತುರ್ತಿಗೆ ಸದ್ದಿಲ್ಲ. ಕಲಮು ಓದಿ ಹೇಳುವ ವಕೀಲರು ರಸ್ತೆ ಬದಿಯಲ್ಲಿ ಸಿಗುವುದಿಲ್ಲ. ಅಲ್ಲಿ ಇರುವುದು ಬಿಸಿಲಿನಲ್ಲಿ ನಿಂತ ಒಬ್ಬ ಪೇದೆ.

ಈಗ ನಮ್ಮ ಪಾಠಕ್ಕೆ ಬರುತ್ತೇನೆ. ವಿನಯಪಿಟಕದಲ್ಲಿ ಭಿಕ್ಖುಗಳ ಸ್ನಾನದ ಬಗ್ಗೆ ಒಂದು ನಿಯಮ ಇದೆ, ಪಾಚಿತ್ತಿಯಗಳಲ್ಲಿ 57ನೆಯದು. ಅದು ಹುಟ್ಟಿದ ಕತೆ ಹೀಗಿದೆ. ರಾಜಗೃಹದಲ್ಲಿ ತಪೋದ ಎಂಬ ಬಿಸಿನೀರಿನ ಬುಗ್ಗೆ. ದೊರೆ ಬಿಂಬಿಸಾರ ಒಂದು ದಿನ ತಲೆಗೆ ಸ್ನಾನ ಮಾಡಲು ಹೋದ. ಭಿಕ್ಖುಗಳು ಸ್ನಾನ ಮಾಡುತ್ತಿದ್ದರು. ಅವರದ್ದಾಗಲಿ ಎಂದು ದೊರೆ ಒಂದು ಕಡೆ ಕಾದು ಕೂತ. ಅವರು ಕತ್ತಲಾಗುವ ತನಕ ನೀರಲ್ಲೇ ಇದ್ದರು! ದೊರೆ ಮಿಂದು ಬರುವಷ್ಟರಲ್ಲಿ ಊರ ಬಾಗಿಲು ಹಾಕಿಬಿಟ್ಟಿತ್ತು. ಆ ರಾತ್ರಿ ಊರ ಹೊರಗೇ ಮಲಗಿದ. ಬೆಳಿಗ್ಗೆ ವಿಷಯ ತಿಳಿದ ಭಗವಾನರು, ಹದಿನೈದು ದಿನಕ್ಕೊಮ್ಮೆಗಿಂತ ಹೆಚ್ಚು ಸ್ನಾನ ಮಾಡಬಾರದು ಎಂದು ನಿಯಮ ಹಾಕಿದರು.

ಆಮೇಲೆ ಬೇಸಿಗೆ ಬಂತು. ಭಿಕ್ಖುಗಳು ನಿಯಮಕ್ಕೆ ಹೆದರಿ ಬೆವರಿನಲ್ಲೇ ಮಲಗಿದರು, ಚೀವರ, ಹಾಸಿಗೆ ಎಲ್ಲ ಕೊಳೆಯಾಯಿತು. ಭಗವಾನರು ನಿಯಮಕ್ಕೆ ಒಂದು ಮಾತು ಸೇರಿಸಿದರು. ಪಾಲಿಯಲ್ಲಿ ಅದು ಬರೀ ಎರಡು ಪದ: ಅಞ್ಞತ್ರ ಸಮಯಾ. ತಕ್ಕ ಸಮಯವನ್ನು ಬಿಟ್ಟು, ಎಂದು ಅರ್ಥ. ಸೆಖೆಯ ಸಮಯ, ಕಾಯಿಲೆಯ ಸಮಯ, ಕೆಲಸದ ಸಮಯ, ಪ್ರಯಾಣದ ಸಮಯ, ಗಾಳಿಮಳೆಯ ಸಮಯ, ಹೀಗೆ ಒಂದೊಂದೇ ಸೇರುತ್ತಾ ಹೋದವು. ಕೆಲಸ ಅಂದರೆ ಎಷ್ಟು? ಅಂಗಳ ಗುಡಿಸಿದ್ದರೂ ಸಾಕು ಎಂದು ವಿವರಣೆ ಹೇಳುತ್ತದೆ.

ಈ ಕತೆಯನ್ನು ನಾವು ಓದಿದಾಗ ನಕ್ಕಿದ್ದೆವು. ಈಗ ಮತ್ತೆ ಓದಿದರೆ ನನಗೆ ಎರಡು ವಿಷಯ ಕಾಣುತ್ತವೆ. ಊರ ಬಾಗಿಲು ದೊರೆಗೂ ತೆರೆಯಲಿಲ್ಲ. ಮಗಧದ ದೊರೆ "ನಾನು ಯಾರು ಗೊತ್ತಾ" ಎನ್ನಲಿಲ್ಲ. ಇನ್ನೊಂದು, ವಿನಯದಲ್ಲಿ ವಿನಾಯಿತಿ ಕೊಟ್ಟಿರುವುದು ಸಮಯಕ್ಕೆ, ವ್ಯಕ್ತಿಗೆ ಅಲ್ಲ. ಹಿರಿಯ ಭಿಕ್ಖುವಾದರೆ ಸ್ನಾನ ಮಾಡಬಹುದು, ದೊಡ್ಡ ಮನೆತನದಿಂದ ಬಂದವನಾದರೆ ಮಾಡಬಹುದು ಎಂದಿಲ್ಲ. ಕಾಯಿಲೆಯವನು ಯಾರೇ ಆಗಲಿ, ಕಾಯಿಲೆಯ ಸಮಯ ಎಂದಿದೆ. ನಮ್ಮ ರಸ್ತೆಗಳಲ್ಲಿ ನಡೆಯುವುದು ಇದಕ್ಕೆ ಸರಿಯಾಗಿ ಉಲ್ಟಾ. ಕಾರಿನ ಗಾಜು ಇಳಿಸಿ ಫೋನು ಮುಂದೆ ಹಿಡಿದು "ಸಾಹೇಬ್ರ ಜೊತೆ ಮಾತಾಡಿ" ಎನ್ನುವವನಿಗೆ ಯಾವ ಸಮಯದಲ್ಲೂ ವಿನಾಯಿತಿ. ಸಿಮೆಂಟಿನ ಅಂಗಿಯವನಿಗೆ ಮಗು ಸೆಟೆದುಕೊಂಡ ಸಮಯದಲ್ಲೂ ಇಲ್ಲ. ವಿವೇಚನೆ ಬೇಡ ಎನ್ನುವ ನಮ್ಮ ಅಣ್ಣನಿಗೆ ನಾನು ಹೇಳಬೇಕೆಂದಿದ್ದು ಇದು: ನಮಗೆ ಸಿಟ್ಟು ಬರಿಸಿದ್ದು ವಿವೇಚನೆಯಲ್ಲ, ಮುಖ ನೋಡಿ ಮಣೆ ಹಾಕುವುದು. ಎರಡಕ್ಕೂ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನಿಯಮ ಮತ್ತು ತತ್ತ್ವ ಎರಡನ್ನೂ ಬೇರೆ ಮಾಡಿ ತೋರಿಸಿದ್ದನ್ನು ನಾವು ಹೋದ ವರ್ಷ ಓದಿದ್ದೆವು. ನಿಯಮ ಇಂಥದ್ದು ಮಾಡು ಎನ್ನುತ್ತದೆ, ಅಡುಗೆಯ ಅಳತೆಯ ಹಾಗೆ. ತತ್ತ್ವ ಯಾವುದನ್ನು ಹೇಗೆ ತೂಗಬೇಕು ಎಂದು ತಿಳಿಸುತ್ತದೆ. ನಿಯಮದ ಪ್ರಕಾರ ನಡೆದವನು ಹೊಣೆ ಹೊರುವುದಿಲ್ಲ, ತತ್ತ್ವದ ಪ್ರಕಾರ ನಡೆದವನು ಹೊರುತ್ತಾನೆ. ಅವರು ಅದನ್ನು ಬರೆದದ್ದು ಧರ್ಮದ ಬಗ್ಗೆ, ಹೆಲ್ಮೆಟ್ಟಿನ ಬಗ್ಗೆ ಅಲ್ಲ, ಒಪ್ಪುತ್ತೇನೆ. ಆದರೂ ಹೆಲ್ಮೆಟ್ ಕಾನೂನು ಇರುವುದು ತಲೆ ಉಳಿಯಲಿ ಎಂದು. ತಲೆ ಉಳಿಸುವ ಕಾನೂನನ್ನು ಹಿಡಿದುಕೊಂಡು ಜೀವವನ್ನೇ ಬೀಳಿಸುವಂತೆ ಅಡ್ಡ ಬಂದರೆ, ಕೈಯಲ್ಲಿ ಉಳಿದಿರುವುದು ಅಳತೆಯ ಲೋಟ, ಅಡುಗೆ ಅಲ್ಲ.

ಇಷ್ಟು ಹೇಳಿ ಪೇದೆಯ ಕಡೆ ನೋಡದೆ ಹೋದರೆ ಅನ್ಯಾಯ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪೊಲೀಸ್ ಕೆಲಸದಲ್ಲಿದ್ದಾನೆ. ಊರಹಬ್ಬದಲ್ಲಿ ಸಿಕ್ಕಾಗ ಕೇಳಿದೆ. ನಕ್ಕ. "ಮಿಸ್, ದಿನಾ ಹತ್ತು ಜನರ ಅಮ್ಮಂದಿರು ಐಸಿಯುನಲ್ಲಿ ಇರ್ತಾರೆ. ಅಮ್ಮನ್ನ ಸಾಯಿಸೋಕೂ ಹಿಂದೆಮುಂದೆ ನೋಡಲ್ಲ ಜನ, ಐನೂರು ರೂಪಾಯಿಗೆ." ನನ್ನ ಮುಖ ಬಿಸಿಯಾಯಿತು. ಅವನಿಗೆ ಗೊತ್ತಿಲ್ಲ. ಅವನು ಇನ್ನೊಂದು ಮಾತು ಹೇಳಿದ: "ಬಿಟ್ಟುಕಳಿಸೋದೂ ಸುಲಭ ಅಲ್ಲ ಮಿಸ್. ಅಷ್ಟು ಗಾಬರಿಲಿರೋನನ್ನ ಹೋಗು ಅಂತ ಬಿಟ್ಟು, ಮುಂದಿನ ಸರ್ಕಲ್ಲಲ್ಲಿ ಅವನೇ ಬಸ್ಸಿಗೆ ಸಿಕ್ಕಿದ್ರೆ?"

ಹಾಗಾದರೆ ಏನು ಮಾಡುತ್ತೀಯ ಎಂದೆ. ಅವನ ಉಪಾಯ ಕೇಳಿ. ಯಾರಾದರೂ ಆಸ್ಪತ್ರೆ ಎಂದರೆ ಅವನು ವಿಚಾರಣೆ ಮಾಡುವುದಿಲ್ಲ, ಸಹಾಯ ಮಾಡಲಾ ಎಂದು ಕೇಳುತ್ತಾನೆ. "ಯಾವ ಆಸ್ಪತ್ರೆ? ಜೀಪಲ್ಲಿ ಬಿಡಿಸ್ಲಾ? ಮುಂದಿನ ಸಿಗ್ನಲ್ಲಿಗೆ ಫೋನ್ ಮಾಡಿ ದಾರಿ ಬಿಡಿಸ್ಲಾ?" ನಿಜ ಹೇಳುವವನು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನಂತೆ. ಸುಳ್ಳು ಹೇಳುವವನು "ಬೇಡ ಸಾರ್, ಬೇಡ ಸಾರ್, ನಾನೇ ಹೋಗ್ತೀನಿ" ಎಂದು ಹಿಂದೆ ಸರಿಯುತ್ತಾನಂತೆ. ಹತ್ತನೇ ತರಗತಿಯಲ್ಲಿ ಕನ್ನಡದಲ್ಲಿ ಕಷ್ಟಪಟ್ಟು ಪಾಸಾದ ಹುಡುಗ. ಕಾಯಿಲೆಯವನನ್ನು ನೋಡಿಕೊಳ್ಳುವುದು ಭಗವಾನರನ್ನು ನೋಡಿಕೊಂಡಂತೆ ಎಂದು ನಾವು ಇಲ್ಲಿ ಎಷ್ಟು ವಾರ ಮಾತಾಡಿದ್ದೇವೆ! ಅವನಿಗೆ ವಿನಯಪಿಟಕ ಏನೆಂದೂ ಗೊತ್ತಿಲ್ಲ.

2017ರಲ್ಲಿ ಆ ಪೇದೆ ನನ್ನನ್ನು ಹಾಗೆ ಕೇಳಿದ್ದರೆ ನಾನು ಖಂಡಿತ "ಬೇಡ ಸಾರ್" ಎನ್ನುತ್ತಿದ್ದೆ.

ನಾಲ್ಕನೆಯ ಶೀಲ, ಸುಳ್ಳಾಡದಿರುವುದು, ನಮ್ಮ ಸ್ವಂತ ಮನಸ್ಸಿನ ಶುದ್ಧಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ರಸ್ತೆಯಲ್ಲಿ ಆಡಿದ ಸುಳ್ಳು ಆಡಿದವರ ಹತ್ತಿರ ಉಳಿಯುವುದಿಲ್ಲ, ಕೇಳಿದವರ ಕಿವಿಯಲ್ಲಿ ಉಳಿಯುತ್ತದೆ. ಮುಂದೆ ಅದೇ ರಸ್ತೆಯಲ್ಲಿ ಬರುವ ನಿಜವಾದ ಮಾತು ಆ ಕಿವಿಯ ಬಾಗಿಲಲ್ಲಿ ನಿಲ್ಲುತ್ತದೆ. ಮಜ್ಝಿಮ ನಿಕಾಯದ 86ನೆಯ ಸುತ್ತದಲ್ಲಿ ಅಂಗುಲಿಮಾಲನ ಕತೆ ಎಲ್ಲರಿಗೂ ಗೊತ್ತು, ಅವನೂ ದಾರಿಯಲ್ಲಿ ಜನರನ್ನು ಅಡ್ಡಗಟ್ಟುತ್ತಿದ್ದವನೇ. ಅವನು ಭಿಕ್ಖುವಾದ ಮೇಲೆ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಶ್ರಾವಸ್ತಿಯಲ್ಲಿ ಹೆರಿಗೆಯ ಸಂಕಟದಲ್ಲಿದ್ದ ಹೆಂಗಸನ್ನು ಕಂಡು ಕರಗಿ ಭಗವಾನರ ಬಳಿಗೆ ಓಡಿ ಬರುತ್ತಾನೆ. ಹೋಗಿ, ಹುಟ್ಟಿದಂದಿನಿಂದ ಬೇಕೆಂದು ಯಾವ ಜೀವವನ್ನೂ ತೆಗೆದಿಲ್ಲ, ಆ ಸತ್ಯದಿಂದ ನಿನಗೆ ಒಳಿತಾಗಲಿ ಎಂದು ಹೇಳು ಎನ್ನುತ್ತಾರೆ ಭಗವಾನರು. ಅಂಗುಲಿಮಾಲ ಅಲ್ಲಿಯೇ ತಡೆಯುತ್ತಾನೆ: ಅದು ಸುಳ್ಳಾಗುವುದಿಲ್ಲವೇ? ನಾನು ಎಷ್ಟೋ ಜನರನ್ನು ಕೊಂದವನು. ಆಗ ಭಗವಾನರು ಮಾತನ್ನು ತಿದ್ದುತ್ತಾರೆ, ಆರ್ಯಮಾರ್ಗದಲ್ಲಿ ಹುಟ್ಟಿದಂದಿನಿಂದ ಎಂದು ಸೇರಿಸು. ಒಳಗೆ ಒಂದು ಹೆಂಗಸು ಮತ್ತು ಮಗುವಿನ ಜೀವ ಹೋಗುತ್ತಿದೆ. ಆ ತುರ್ತಿನಲ್ಲೂ ಮಾತು ನಿಜವಾಗುವ ತನಕ ತಿದ್ದಿಕೊಂಡೇ ಹೋದರು. ನಾನು ಹೆಲ್ಮೆಟ್ಟಿಗಾಗಿ ಅಮ್ಮನನ್ನು ಆಸ್ಪತ್ರೆಯಲ್ಲಿ ಮಲಗಿಸಿದ್ದೆ.

ಇನ್ನೊಂದು ಸಣ್ಣ ವಿಷಯ. ತಮ್ಮನ ಮಗನ ಘಟನೆಯಾದ ಒಂದೆರಡು ವಾರಕ್ಕೆ, ಶಾಲೆಯ ಗೇಟಿನಲ್ಲಿ ತಡವಾಗಿ ಬಂದ ಮಕ್ಕಳನ್ನು ನಿಲ್ಲಿಸುವ ಸರದಿ ನನ್ನದಿತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು "ಅಮ್ಮಂಗೆ ಹುಷಾರಿರಲಿಲ್ಲ ಮಿಸ್" ಎಂದಳು. ನನ್ನ ಬಾಯಿಂದ ಬಂದ ಮಾತು: "ಎಲ್ಲಾರೂ ಇದನ್ನೇ ಹೇಳ್ತೀರ." ಹೇಳಿಯಾದ ಮೇಲೆ ಕೇಳಿಸಿತು. ಎಷ್ಟು ವರ್ಷದಿಂದ ಆ ಗೇಟಿನಲ್ಲಿ ಆ ಮಾತು ಹೇಳಿಕೊಂಡು ಬಂದಿದ್ದೆನೋ. ಈಗ ಬೇರೆ ಕೇಳುತ್ತೇನೆ: "ಏನಾಗಿತ್ತು? ತಿಂಡಿ ಯಾರು ಮಾಡಿದ್ರು?" ಕೆಲವರು ಸಿಕ್ಕಿಬೀಳುತ್ತಾರೆ. ಕೆಲವರು ತಿಂಡಿಯನ್ನೇ ತಿಂದಿರುವುದಿಲ್ಲ.

ತಮ್ಮನ ಮಗ ಈಗ ಶಾಲೆಗೆ ಹೋಗುತ್ತಾನೆ, ಗಟ್ಟಿಯಾಗಿದ್ದಾನೆ. ತಮ್ಮ ಮಗನಿಗೂ ಒಂದು ಪುಟ್ಟ ಹೆಲ್ಮೆಟ್ ತಂದಿದ್ದಾನೆ, ಇನ್ಶೂರೆನ್ಸ್ ತಪ್ಪದೆ ಕಟ್ಟುತ್ತಾನೆ. ಆ ದಿನದ ಬಗ್ಗೆ ಅವನು ಹೆಚ್ಚು ಮಾತಾಡುವುದಿಲ್ಲ. ಮಂಡ್ಯದ ಸುದ್ದಿ ಬಂದ ರಾತ್ರಿ ಮಾತ್ರ ಫೋನ್ ಮಾಡಿದ್ದ. ತುಂಬ ಹೊತ್ತು ಸುಮ್ಮನಿದ್ದು ಕೇಳಿದ: "ಅಕ್ಕ, ಅವತ್ತು ನೀನು ಹಿಂದೆ ಕೂತಿರದೆ ಹೋಗಿದ್ರೆ?"

ಉತ್ತರ ಕೊಡಲು ಆಗಲಿಲ್ಲ. ನನ್ನ ಡಿಸೆಂಬರಿನ ಸುಳ್ಳನ್ನು ಅವನಿಗೆ ಈವರೆಗೆ ಹೇಳಿಯೂ ಇಲ್ಲ. ಈ ಗುಂಪಿನಲ್ಲಿ ಅವನೂ ಇದ್ದಾನೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ದಿನದ ಚಿಂತನೆ ಓದುವ ಅಭ್ಯಾಸ ಅವನಿಗಿದೆ.